ಕಥೆ, ಕವಿತೆ ಬರೆಯುವವರಿಗೆ ಪಿಎಚ್.ಡಿ: ಪ್ರಶ್ನೆ ಹುಡುಕುವುದರಿಂದ ವೈವಾವರೆಗೆ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಕಡೆಯಿಂದ ಕನ್ನಡ ಪಿಎಚ್.ಡಿಗೆ ಅರ್ಜಿ ಹಾಕುವವರಲ್ಲಿ ಕಥೆ, ಕವಿತೆ, ನಾಟಕ ಬರೆಯುವವರು ಸಾಕಷ್ಟು ಮಂದಿ ಇರುತ್ತಾರೆ. ಅವರು ಎಡವುವ ಜಾಗ ಮಾತ್ರ ಹೆಚ್ಚಾಗಿ ಒಂದೇ. ಸಂದರ್ಶನದಲ್ಲಿ ‘ನಿಮ್ಮ ಸಂಶೋಧನೆಯ ಪ್ರಶ್ನೆ ಏನು?’ ಎಂದು ಕೇಳಿದರೆ ತಾವು ಬರೆಯಬೇಕೆಂದಿರುವ ಕಾದಂಬರಿಯ ಕಥೆ ಹೇಳುತ್ತಾರೆ. ಅಥವಾ ಆ ಪ್ರಶ್ನೆಗೆ ಹೆದರಿ, ತಮ್ಮ ಬರವಣಿಗೆಗೆ ಸಂಬಂಧವೇ ಇಲ್ಲದ ‘ಇಂಥವರ ಕೃತಿಗಳು: ಒಂದು ಸಮಗ್ರ ಅಧ್ಯಯನ’ ಎಂಬ ವಿಷಯ ಹಿಡಿದು, ಮೂರನೇ ವರ್ಷಕ್ಕೆ ಬೇಸತ್ತು ಕೈಬಿಡುತ್ತಾರೆ.

ಎರಡಕ್ಕೂ ಮೂಲ ಹೆಜ್ಜೆಗಳ ಕ್ರಮದಲ್ಲಿದೆ. ಮೊದಲು ಗೈಡ್, ಆಮೇಲೆ ಗೈಡ್ ಸೂಚಿಸಿದ ವಿಷಯ, ಕಟ್ಟಕಡೆಗೆ ಪ್ರಶ್ನೆ ಎಂಬ ರೂಢಿ ನಡೆದುಬಂದಿದೆ. ಬರೆಯುವವರು ಇದನ್ನು ತಿರುವಿ ಹಾಕಬೇಕು. ಪ್ರಶ್ನೆ ಮೊದಲು ಬರಬೇಕು, ಅದೂ ನಿಮ್ಮ ಸ್ವಂತ ಬರವಣಿಗೆಯ ತೊಡಕಿನಿಂದಲೇ ಹುಟ್ಟಬೇಕು. ಆದರೆ ಅದಕ್ಕೆ ಉತ್ತರ ನಿಮ್ಮ ಅನುಭವದಿಂದ ಬರಬಾರದು. ಬೇರೆಯವರೂ ತೆರೆದು ನೋಡಬಹುದಾದ ಪಠ್ಯಗಳಿಂದ ಬರಬೇಕು.

## ಶುರು ಮಾಡುವ ಮೊದಲು: ಕೃತಿ ಬೇರೆ, ಮಹಾಪ್ರಬಂಧ ಬೇರೆ

ಬ್ರಿಟನ್ನಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಂಥ ಕಡೆ ಸೃಜನಶೀಲ ಬರವಣಿಗೆಯಲ್ಲೇ ಪಿಎಚ್.ಡಿ ಇದೆ. ಅಮೆರಿಕದ ಹ್ಯೂಸ್ಟನ್, ಯೂಟಾ ವಿಶ್ವವಿದ್ಯಾಲಯಗಳಲ್ಲೂ ಇದೆ. ಇದನ್ನು ಕೇಳಿದ ಕೂಡಲೇ ‘ಕಾದಂಬರಿ ಬರೆದುಕೊಟ್ಟರೆ ಡಾಕ್ಟರೇಟ್’ ಎಂದುಕೊಳ್ಳುವವರಿದ್ದಾರೆ. ಅಲ್ಲಿಯೂ ಹಾಗಿಲ್ಲ. ಬ್ರಿಟನ್ನಿನ ಪದ್ಧತಿಯಲ್ಲಿ ಕಾದಂಬರಿ ಅಥವಾ ಕವನ ಸಂಕಲನದ ಜೊತೆಗೆ ವಿಮರ್ಶಾತ್ಮಕ ಭಾಗವೊಂದನ್ನು ಸಲ್ಲಿಸಬೇಕು. ಎರಡನ್ನೂ ಸೇರಿಸಿಯೇ ಪರೀಕ್ಷಿಸುತ್ತಾರೆ. ಅಮೆರಿಕದಲ್ಲಿ ವರ್ಷಗಟ್ಟಲೆ ಸಾಹಿತ್ಯದ ತರಗತಿ, ಸಮಗ್ರ ಪರೀಕ್ಷೆಗಳನ್ನು ಮುಗಿಸಿದ ಮೇಲಷ್ಟೇ ಸೃಜನಶೀಲ ಪ್ರಬಂಧದ ಸರದಿ.

ನಮ್ಮ ಕನ್ನಡ ವಿಭಾಗಗಳು ಕೊಡುವುದು ‘ಕನ್ನಡ’ ವಿಷಯದ ಪಿಎಚ್.ಡಿ. ಅದಕ್ಕೆ ಬೇಕಾದದ್ದು ವಿಶ್ಲೇಷಣೆಯ ಮಹಾಪ್ರಬಂಧ. ನಿಮ್ಮ ಕಾದಂಬರಿಗೆ ಅಲ್ಲಿ ಮಹಾಪ್ರಬಂಧದ ಸ್ಥಾನ ಸಿಗುತ್ತದೆಂಬ ಭರವಸೆ ಮೇಲೆ ಕೆಲಸ ಬಿಡಬೇಡಿ, ಊರು ಬಿಡಬೇಡಿ. ಸೃಜನಶೀಲ ಭಾಗವನ್ನು ಅನುಬಂಧವಾಗಿ ಇಡಬಹುದೇ ಎಂಬುದನ್ನು ಆಯಾ ವಿಶ್ವವಿದ್ಯಾಲಯದ ಪಿಎಚ್.ಡಿ ವಿಭಾಗಕ್ಕೆ ಪತ್ರ ಬರೆದು, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಕಾರಿಡಾರಿನಲ್ಲಿ ಸಿಕ್ಕವರು ‘ಆಗತದ, ಏನೂ ತೊಂದರಿ ಇಲ್ಲ’ ಎಂದ ಮಾತು ನಾಲ್ಕು ವರ್ಷದ ನಂತರ ಕೆಲಸಕ್ಕೆ ಬರುವುದಿಲ್ಲ.

## ಹಂತ 1: ಪ್ರಶ್ನೆ ಹುಡುಕುವುದು

ಬೇಕಾದದ್ದು: ನಿಮ್ಮ ಇತ್ತೀಚಿನ ಐದು ಬರಹಗಳ ಕರಡು ಪ್ರತಿಗಳು, ಒಂದು ಕೆಂಪು ಪೆನ್ನು, ಒಂದು ವಾರದ ಬಿಡುವು.

ಮೂರಕ್ಕಿಂತ ಹೆಚ್ಚು ಸಲ ತಿದ್ದಿದ ಜಾಗಗಳನ್ನು ಗುರುತು ಮಾಡಿ. ಅಲ್ಲಿ ನಿಮ್ಮನ್ನು ಕಾಡಿದ್ದು ಕಥಾವಸ್ತುವೋ, ಕಟ್ಟುವ ಬಗೆಯೋ ಎಂದು ಬದಿಯಲ್ಲಿ ಬರೆಯಿರಿ. ಕಟ್ಟುವ ಬಗೆಯ ತೊಡಕುಗಳನ್ನಷ್ಟೇ ಉಳಿಸಿಕೊಳ್ಳಿ. ವಸ್ತುವಿನ ತೊಡಕು ಕಾದಂಬರಿಗೆ ಸೇರಿದ್ದು, ಸಂಶೋಧನೆಗೆ ಅಲ್ಲ.

ಈ ಸೀಮೆಯ ಕಥೆಗಾರರಿಗೆಲ್ಲ ಗೊತ್ತಿರುವ ಒಂದು ತೊಡಕನ್ನು ತೆಗೆದುಕೊಳ್ಳೋಣ. ಪಾತ್ರಗಳು ಧಾರವಾಡ ಕನ್ನಡ ಆಡುತ್ತವೆ: ‘ಮನ್ಯಾಗ ಇದ್ದಾನ’, ‘ಏನ ಮಾಡಾಕತ್ತೀ’. ನಿರೂಪಕ ಮಾತ್ರ ‘ಮನೆಯಲ್ಲಿದ್ದಾನೆ’, ‘ಏನು ಮಾಡುತ್ತಿದ್ದೀಯೆ’ ಎನ್ನುತ್ತಾನೆ. ಎರಡರ ನಡುವಿನ ಹೊಲಿಗೆ ಕಾಣುತ್ತದೆ. ಬರೆಯುವವರು ಅದನ್ನು ಮುಚ್ಚಲು ಒದ್ದಾಡುತ್ತಾರೆ. ಇದನ್ನು ‘ಉತ್ತರ ಕರ್ನಾಟಕದ ಕಥೆಗಳಲ್ಲಿ ಭಾಷೆ: ಒಂದು ಅಧ್ಯಯನ’ ಎಂದು ಬರೆದರೆ ಅದು ಪ್ರಶ್ನೆಯಾಗುವುದಿಲ್ಲ. ಹೀಗೆ ಕೇಳಿದರೆ ಆಗುತ್ತದೆ: ಆಡುನುಡಿ ಸಂಭಾಷಣೆಯಿಂದ ನಿರೂಪಣೆಗೆ ದಾಟುವಾಗ ಮೊದಲು ದಾಟುವುದು ಶಬ್ದಗಳೋ, ವಿಭಕ್ತಿಯೋ, ಕ್ರಿಯಾಪದದ ರೂಪವೋ? ಯಾವುದು ಕೊನೆಯವರೆಗೂ ದಾಟದೆ ಉಳಿಯುತ್ತದೆ, ಯಾಕೆ?

ಕವಿತೆ ಬರೆಯುವವರಿಗೆ ಇನ್ನೊಂದು ಉದಾಹರಣೆ. ಗದುಗಿನ ಕುಮಾರವ್ಯಾಸನ ಭಾಮಿನಿ ಷಟ್ಪದಿ 3 ಮತ್ತು 4 ಮಾತ್ರೆಯ ಗಣಗಳ ಮೇಲೆ ನಡೆಯುತ್ತದೆ. ಛಂದಸ್ಸು ಬಿಟ್ಟೆವೆಂದು ಹೇಳಿಕೊಂಡ ಕವಿಗಳ ಸಾಲುಗಳಲ್ಲಿ ಆ 3–4ರ ನಡಿಗೆ ಎಲ್ಲೆಲ್ಲಿ ಉಳಿದಿದೆ, ಕವಿತೆಯ ಯಾವ ಗಳಿಗೆಯಲ್ಲಿ ಮರಳಿ ಬರುತ್ತದೆ? ಇದನ್ನು ಎಣಿಸಬಹುದು, ತಪ್ಪಿದ್ದರೆ ಇನ್ನೊಬ್ಬರು ಎಣಿಸಿ ತೋರಿಸಬಹುದು. ನಾಟಕದವರಾದರೆ ಗೀಗೀ ಪದದ ಸವಾಲು–ಜವಾಬಿನ ಕಟ್ಟು ಆಧುನಿಕ ನಾಟಕದ ಸಂಭಾಷಣೆಯಲ್ಲಿ ಹೇಗೆ ಕೆಲಸ ಮಾಡಿದೆ ಎಂದು ಕೇಳಬಹುದು.

ಪ್ರಶ್ನೆ ಸಿಕ್ಕಿತೆನಿಸಿದಾಗ ಮೂರು ರೀತಿಯಲ್ಲಿ ಒರೆಗೆ ಹಚ್ಚಿ. ನಿಮ್ಮ ಊಹೆ ಸುಳ್ಳಾಗುವ ಸಾಧ್ಯತೆ ಇದೆಯೇ? ಇಲ್ಲದಿದ್ದರೆ ಅದು ಅಭಿಪ್ರಾಯ, ಪ್ರಶ್ನೆಯಲ್ಲ. ಸಾಮಗ್ರಿ ಇಂತಿಷ್ಟೇ ಎಂದು ಪಟ್ಟಿ ಮಾಡಬಹುದೇ? ನಿಮ್ಮ ಸ್ವಂತ ಕೃತಿಗಳನ್ನು ಪೂರ್ತಿ ತೆಗೆದುಹಾಕಿದರೂ ಪ್ರಶ್ನೆ ನಿಲ್ಲುತ್ತದೆಯೇ? ಮೂರನೆಯದೇ ಬರಹಗಾರರಿಗೆ ಕಠಿಣವಾದದ್ದು. ಅಲ್ಲಿ ಸೋತ ಪ್ರಶ್ನೆಯನ್ನು ಎಷ್ಟೇ ಇಷ್ಟವಾದರೂ ಬಿಟ್ಟುಬಿಡಿ.

ಬಳಿಕ ಶೋಧಗಂಗಾದಲ್ಲಿ (ಭಾರತದ ಪಿಎಚ್.ಡಿ ಪ್ರಬಂಧಗಳ ಅಂತರ್ಜಾಲ ಭಂಡಾರ) ಇದೇ ಕೆಲಸ ಆಗಿದೆಯೇ ನೋಡಿ. ಕನ್ನಡ ಲಿಪಿಯಲ್ಲಿ ಮಾತ್ರ ಹುಡುಕಿ ‘ಯಾರೂ ಮಾಡಿಲ್ಲ’ ಎಂದು ಬರೆಯುವುದು ಸಾಮಾನ್ಯ ತಪ್ಪು. ಕನ್ನಡ ಪ್ರಬಂಧಗಳ ಶೀರ್ಷಿಕೆಗಳು ರೋಮನ್ ಲಿಪಿಯಲ್ಲೂ ದಾಖಲಾಗಿರುತ್ತವೆ. ಒಂದೇ ಶಬ್ದವನ್ನು ಮೂರ್ನಾಲ್ಕು ಕಾಗುಣಿತದಲ್ಲಿ ಹುಡುಕಬೇಕು. ಹಳೆಯ ಪ್ರಬಂಧಗಳಿಗಾಗಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ ಕಪಾಟಿನ ಮುಂದೆ ನಿಲ್ಲುವುದೇ ದಾರಿ.

## ಹಂತ 2: ಅರ್ಹತೆ ಮತ್ತು ಕಾಗದಪತ್ರ

ಈಗ ನಡೆಯುತ್ತಿರುವುದು ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ಪಿಎಚ್.ಡಿ ನಿಯಮಾವಳಿ. ಸ್ನಾತಕೋತ್ತರ ಪದವಿಯಲ್ಲಿ 55% ಬೇಕು; ಪರಿಶಿಷ್ಟ ಜಾತಿ, ಪಂಗಡ, ಕೆನೆಪದರವಲ್ಲದ ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲ ವರ್ಗದವರಿಗೆ 5% ರಿಯಾಯಿತಿ. ನಾಲ್ಕು ವರ್ಷದ ಪದವಿ ಮುಗಿಸಿದವರಿಗೆ 75% ಇದ್ದರೆ ಸ್ನಾತಕೋತ್ತರವಿಲ್ಲದೆಯೂ ಅವಕಾಶ. ಎಷ್ಟು ಪುಸ್ತಕ ಪ್ರಕಟವಾಗಿದ್ದರೂ, ಯಾವ ಪ್ರಶಸ್ತಿ ಬಂದಿದ್ದರೂ ಅಂಕದ ಕೊರತೆಯನ್ನು ಅವು ತುಂಬುವುದಿಲ್ಲ.

ಶಾಲೆ, ಬ್ಯಾಂಕು, ಪತ್ರಿಕೆಗಳಲ್ಲಿ ನೌಕರಿಯಲ್ಲಿದ್ದವರು ಅರೆಕಾಲಿಕವಾಗಿ ಮಾಡಬಹುದು. ಅದಕ್ಕೆ ಸಂಸ್ಥೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ‘ನಮ್ಮ ಅಭ್ಯಂತರವಿಲ್ಲ’ ಎಂಬ ಒಂದು ಸಾಲಿನ ಪತ್ರ ಸಾಲದು. ಅರೆಕಾಲಿಕ ಅಧ್ಯಯನಕ್ಕೆ ಅನುಮತಿ ಇದೆ, ಕೆಲಸದ ನಡುವೆ ಸಂಶೋಧನೆಗೆ ಸಮಯ ಸಿಗುತ್ತದೆ, ಕೋರ್ಸ್ ವರ್ಕ್‌ಗೆ (ಪಿಎಚ್.ಡಿಯ ತರಗತಿ ಪಾಠಗಳು) ಬೇಕಾದರೆ ಬಿಡುಗಡೆ ಮಾಡುತ್ತೇವೆ ಎಂಬ ಮೂರೂ ಮಾತು ಅದರಲ್ಲಿರಬೇಕು. ದೂರಶಿಕ್ಷಣದಲ್ಲಿ ಅಥವಾ ಆನ್‌ಲೈನಿನಲ್ಲಿ ಪಿಎಚ್.ಡಿ ಕೊಡಲು ನಿಯಮದಲ್ಲಿ ಅವಕಾಶವೇ ಇಲ್ಲ.

## ಹಂತ 3: ವಿಶ್ವವಿದ್ಯಾಲಯ ಮತ್ತು ಗೈಡ್

ಪ್ರಶ್ನೆ ಯಾವ ಬಗೆಯದು ಎಂಬುದರ ಮೇಲೆ ಜಾಗ ಆರಿಸಿ. ಮುದ್ರಿತ ಕಥೆ, ಕವಿತೆಗಳ ಮೇಲಿನ ಪ್ರಶ್ನೆಯಾದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಪೀಠ ಸಹಜ ಆಯ್ಕೆ. ಗೀಗೀ ಪದ, ದೊಡ್ಡಾಟ, ಲಾವಣಿಯಂಥ ಮೌಖಿಕ ಪರಂಪರೆ ನಿಮ್ಮ ಪ್ರಶ್ನೆಯ ಅರ್ಧದಷ್ಟಾದರೂ ಇದ್ದರೆ ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯದ ಅಧಿಸೂಚನೆಯನ್ನೂ ನೋಡಿ. ಹಳಗನ್ನಡ, ನಡುಗನ್ನಡದ ಕಡೆ ವಾಲಿದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ. ಗದಗದಿಂದ ಹೊಸಪೇಟೆಗೆ ನೇರ ರೈಲು ಇರುವುದರಿಂದ ಓಡಾಟ ಕಷ್ಟವಲ್ಲ.

ಗೈಡ್ ವಿಚಾರದಲ್ಲಿ ಮೂರು ಲೆಕ್ಕ ಮೊದಲೇ ಹಾಕಿಕೊಳ್ಳಿ. ಒಂದೇ ಸಮಯಕ್ಕೆ ಪ್ರೊಫೆಸರ್ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಮಂದಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಅವರ ಬಳಿ ಈಗಾಗಲೇ ಮುಗಿಸಿದವರು ಎಷ್ಟು, ಎಷ್ಟೆಷ್ಟು ವರ್ಷಕ್ಕೆ ಮುಗಿಸಿದರು ಎಂಬುದು ಶೋಧಗಂಗಾದಲ್ಲೇ ತಿಳಿಯುತ್ತದೆ. ಅವರ ಮಾರ್ಗದರ್ಶನದ ಎರಡು ಪ್ರಬಂಧಗಳನ್ನಾದರೂ ಓದಿ. ಎಲ್ಲಾ ಅಧ್ಯಾಯಗಳೂ ಕಥಾಸಾರಾಂಶದಂತಿದ್ದರೆ ನಿಮ್ಮ ಪ್ರಬಂಧಕ್ಕೂ ಅದೇ ಗತಿ ಬರಬಹುದು.

ಒಳ್ಳೆಯ ಕವಿ, ಕಥೆಗಾರ ಎಂಬ ಕಾರಣಕ್ಕೆ ಮಾತ್ರ ಗೈಡನ್ನು ಆರಿಸಬೇಡಿ. ಕರಡಿನ ಮೇಲೆ ಕೂತು ಸಾಲು ಸಾಲಾಗಿ ತಿದ್ದುವ, ಸರಿಯಾದ ಸಮಯಕ್ಕೆ ಸಹಿ ಹಾಕುವ ಓದುಗ ನಿಮಗೆ ಬೇಕು. ಮೊದಲ ಭೇಟಿಗೆ ಕೃತಿಗಳ ಕಟ್ಟು ಒಯ್ಯಬೇಡಿ. ಪ್ರಶ್ನೆ, ಸಾಮಗ್ರಿಯ ಪಟ್ಟಿ ಮತ್ತು ಮಾಡುವ ವಿಧಾನ ಇರುವ ಒಂದೇ ಪುಟ ಒಯ್ಯಿರಿ. ‘ವಿಷಯ ನಾನು ಕೊಡ್ತೀನಿ, ಅದನ್ನ ಬಿಡ್ರಿ’ ಎಂದು ಪುಟ ಓದದೆಯೇ ಹೇಳಿದರೆ, ಗೌರವದಿಂದ ನಮಸ್ಕರಿಸಿ ಬೇರೆಯವರನ್ನು ಹುಡುಕಿ.

## ಹಂತ 4: ಪರೀಕ್ಷೆ ಮತ್ತು ಸಂದರ್ಶನ

ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಅರ್ಧದಷ್ಟು ಪ್ರಶ್ನೆಗಳು ಸಂಶೋಧನಾ ವಿಧಾನದ ಮೇಲೆ, ಇನ್ನರ್ಧ ವಿಷಯದ ಮೇಲೆ. ತೇರ್ಗಡೆಗೆ 50% ಬೇಕು, ಮೀಸಲು ವರ್ಗಗಳಿಗೆ 5% ಕಡಿಮೆ. ಬರಹಗಾರರು ಸೋಲುವುದು ವಿಧಾನದ ಅರ್ಧದಲ್ಲಿ: ಊಹೆ, ಮಾದರಿ ಆಯ್ಕೆ, ಗ್ರಂಥಸಂಪಾದನೆ, ಅಡಿಟಿಪ್ಪಣಿ ಪದ್ಧತಿ ಇವನ್ನೆಲ್ಲ ‘ಆಮೇಲೆ ನೋಡೋಣ’ ಎಂದು ಬಿಟ್ಟಿರುತ್ತಾರೆ. ಎರಡು ತಿಂಗಳು, ದಿನಕ್ಕೆ ಒಂದು ಗಂಟೆ ಇದಕ್ಕೇ ಇಡಿ.

2024ರಿಂದ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಂಕವನ್ನೂ ಪಿಎಚ್.ಡಿ ಪ್ರವೇಶಕ್ಕೆ ಬಳಸಬಹುದು. ಆ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಮಾಸಿಕ ಫೆಲೋಶಿಪ್) ಸಿಗದವರಿಗೆ ನೆಟ್ ಅಂಕಕ್ಕೆ 70%, ಸಂದರ್ಶನಕ್ಕೆ 30% ತೂಕ. ಈ ಅಂಕಕ್ಕೆ ಒಂದೇ ವರ್ಷದ ಆಯುಷ್ಯ. ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ನೌಕರಿ ಬಿಟ್ಟು ಪೂರ್ಣಾವಧಿ ಮಾಡಬೇಕೆನ್ನುವವರು ಇದಕ್ಕೆ ಎರಡು ಸಲ ಪ್ರಯತ್ನಿಸಿ ನೋಡುವುದು ಒಳ್ಳೆಯದು. ಹಣದ ಒತ್ತಡಕ್ಕೆ ಅರ್ಧಕ್ಕೇ ನಿಂತ ಪ್ರಬಂಧಗಳು ಕಡಿಮೆಯಿಲ್ಲ.

ಸಂದರ್ಶನಕ್ಕೆ ಮೂರು ನಿಮಿಷದ ಮಾತು ತಯಾರಿಡಿ. ಮೊದಲ ನಿಮಿಷ ಪ್ರಶ್ನೆ, ಎರಡನೆಯದು ಸಾಮಗ್ರಿ, ಮೂರನೆಯದು ವಿಧಾನ. ‘ನೀವೇ ಕಥೆಗಾರರು, ನಿಷ್ಪಕ್ಷಪಾತವಾಗಿ ಹೇಗೆ ನೋಡ್ತೀರಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ ಎಂದುಕೊಳ್ಳಿ. ನನ್ನ ಕಥೆಗಳನ್ನು ಸಾಮಗ್ರಿಯಲ್ಲಿ ಸೇರಿಸಿಲ್ಲ, ಪಟ್ಟಿಯ ಆಯ್ಕೆಗೆ ಇಂಥ ಮಾನದಂಡ ಇಟ್ಟಿದ್ದೇನೆ ಎಂಬುದು ಸಾಕಾಗುವ ಉತ್ತರ.

## ಹಂತ 5: ಸಿನಾಪ್ಸಿಸ್

ಸಿನಾಪ್ಸಿಸ್ ಎಂದರೆ ಮಾಡಲಿರುವ ಸಂಶೋಧನೆಯ ಯೋಜನಾ ಬರಹ. ಪುಟಮಿತಿ ಹೇಳಿರದಿದ್ದರೆ 8ರಿಂದ 10 ಪುಟ ಇಟ್ಟುಕೊಳ್ಳಿ. ಪುಟಗಳ ಹಂಚಿಕೆಯಲ್ಲೇ ಹೆಚ್ಚಿನ ಸಿನಾಪ್ಸಿಸ್‌ಗಳು ಕೆಡುತ್ತವೆ. ‘ಕನ್ನಡ ಸಾಹಿತ್ಯಕ್ಕೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ’ ಎಂದು ಆರಂಭವಾಗಿ ನಾಲ್ಕು ಪುಟ ಹಾಗೇ ಹೋಗುತ್ತದೆ. ವಿಧಾನಕ್ಕೆ ಆರು ಸಾಲು ಉಳಿಯುತ್ತದೆ. ಹಂಚಿಕೆ ಹೀಗಿರಲಿ:

1. ಪ್ರಶ್ನೆ ಮತ್ತು ಅದು ಹುಟ್ಟಿದ ತೊಡಕು: ಒಂದು ಪುಟ. ಮೊದಲ ಪ್ಯಾರಾದಲ್ಲೇ ಪ್ರಶ್ನೆ ಕಾಣಬೇಕು.
2. ಆಗಿರುವ ಕೆಲಸ: ಎರಡು ಪುಟ. ಹೆಸರುಗಳ ಪಟ್ಟಿ ಬೇಡ. ಯಾರು ಎಲ್ಲಿಯವರೆಗೆ ಬಂದು ನಿಂತಿದ್ದಾರೆ, ನೀವು ಎಲ್ಲಿಂದ ಮುಂದೆ ಹೋಗುತ್ತೀರಿ ಎಂಬುದು ಬೇಕು.
3. ಸಾಮಗ್ರಿ: ಒಂದು ಪುಟ. ನಮ್ಮ ಉದಾಹರಣೆಗೆ ನಾಲ್ವರು ಕಥೆಗಾರರು, ತಲಾ ಆರು ಕಥೆ, ಒಟ್ಟು 24. ಯಾಕೆ ಈ ನಾಲ್ವರು, ಯಾಕೆ ಆರೇ ಎಂಬುದಕ್ಕೆ ಕಾರಣ ಕೊಡಿ.
4. ವಿಧಾನ: ಎರಡರಿಂದ ಮೂರು ಪುಟ. ಒಂದು ಕಥೆಯ ಒಂದು ಪ್ಯಾರಾ ತೆಗೆದುಕೊಂಡು ನಿಮ್ಮ ವಿಧಾನವನ್ನು ಮಾಡಿಯೇ ತೋರಿಸಿ. ಸಮಿತಿಯ ಅನುಮಾನ ಹೋಗುವುದು ಇಲ್ಲಿಯೇ.
5. ಅಧ್ಯಾಯಗಳ ಯೋಜನೆ: ಒಂದೂವರೆ ಪುಟ.
6. ಸಮಯಪಟ್ಟಿ ಮತ್ತು ಗ್ರಂಥಋಣ: ಉಳಿದದ್ದು.

ಅಧ್ಯಾಯಗಳನ್ನು ಲೇಖಕರಿಗೊಂದರಂತೆ ಹಂಚಬೇಡಿ. ಹಾಗೆ ಮಾಡಿದರೆ ಒಂದೇ ಮಾತನ್ನು ನಾಲ್ಕು ಸಲ ಬರೆಯುವ ಪಾಡು ಬರುತ್ತದೆ. ಶಬ್ದಗಳ ದಾಟು, ವಿಭಕ್ತಿಯ ದಾಟು, ಕ್ರಿಯಾಪದದ ದಾಟು, ದಾಟದೆ ಉಳಿದದ್ದು ಎಂದು ಪ್ರಶ್ನೆಯ ಅಂಗಗಳಂತೆ ಹಂಚಿದರೆ ಪ್ರತಿ ಅಧ್ಯಾಯಕ್ಕೂ ಸ್ವಂತ ಕೆಲಸವಿರುತ್ತದೆ.

ಶೀರ್ಷಿಕೆಯಲ್ಲಿ ‘ಸಮಗ್ರ’, ‘ವಿವಿಧ ಆಯಾಮಗಳು’, ‘ಸಮಕಾಲೀನ ಸಂವೇದನೆ’ ಇದ್ದರೆ ಅಳಿಸಿ. ಶೀರ್ಷಿಕೆ ಒಮ್ಮೆ ಮಂಜೂರಾದರೆ ಬದಲಿಸುವುದು ತ್ರಾಸದ ಕೆಲಸ. ಅದರಲ್ಲಿ ಬರೆದ ಪ್ರತಿ ಶಬ್ದಕ್ಕೂ ಪ್ರಬಂಧದಲ್ಲಿ ಲೆಕ್ಕ ಕೊಡಬೇಕಾಗುತ್ತದೆ.

## ಹಂತ 6: ಕೋರ್ಸ್ ವರ್ಕ್ ಮತ್ತು ಸಲಹಾ ಸಮಿತಿ

ಕೋರ್ಸ್ ವರ್ಕ್ ಕನಿಷ್ಠ 12 ಕ್ರೆಡಿಟ್. ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಅದರಲ್ಲಿ ಕಡ್ಡಾಯ. ಪ್ರಬಂಧ ಸಲ್ಲಿಸಲು ಅರ್ಹರಾಗಬೇಕಾದರೆ ಇದರಲ್ಲಿ 55% ಬರಬೇಕು. ಇಲ್ಲಿ ಬರೆಯುವ ಪ್ರಬಂಧಗಳನ್ನು ನಿಮ್ಮ ವಿಷಯದ ಮೇಲೆಯೇ ಬರೆದರೆ ಆಗಿರುವ ಕೆಲಸದ ಅಧ್ಯಾಯ ಅರ್ಧ ಮುಗಿದಂತೆ.

ಪ್ರತಿ ಸೆಮಿಸ್ಟರಿಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಹೇಳಬೇಕು. ಸಮಿತಿ ಹೇಳಿದ ಬದಲಾವಣೆಗಳನ್ನು ಅದೇ ದಿನ ಬರೆದು, ಗೈಡ್ ಸಹಿ ಹಾಕಿಸಿ ಫೈಲಿನಲ್ಲಿಡಿ. ಸದಸ್ಯರು ಬದಲಾದಾಗ ಈ ಕಾಗದವೇ ನಿಮ್ಮ ಆಧಾರ.

ಒಟ್ಟು ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿ ಮಾಡಿಸಿದರೆ ಇನ್ನೂ 2 ಸಿಗಬಹುದು, ಒಟ್ಟು 8 ಮೀರುವಂತಿಲ್ಲ. ಮಹಿಳೆಯರಿಗೆ ಮತ್ತು 40%ಗಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮತ್ತೂ 2 ವರ್ಷ, ಅಂದರೆ 10ರವರೆಗೆ. ಹೆರಿಗೆ ಮತ್ತು ಮಕ್ಕಳ ಆರೈಕೆಗೆ 240 ದಿನದವರೆಗೆ ರಜೆ ಪಡೆಯಬಹುದು. ಈ ಸೌಲಭ್ಯ ತಿಳಿಯದೆ ಹೆರಿಗೆಯ ಸಮಯದಲ್ಲಿ ನೋಂದಣಿಯನ್ನೇ ಬಿಡಬೇಡಿ.

## ಹಂತ 7: ಸಾಮಗ್ರಿ ಸಂಗ್ರಹ

ಬರಹಗಾರರು ಅತಿ ಬೇಗ ದಾಟಿಹೋಗುವ ಹಂತ ಇದು, ಮತ್ತು ಪ್ರಬಂಧ ಗಟ್ಟಿಯಾಗುವುದು ಇಲ್ಲಿಯೇ.

ಮೊದಲ ಎಚ್ಚರ ಆವೃತ್ತಿಯದು. ಆಡುನುಡಿಯ ಕಥೆಗಳು ಮರುಮುದ್ರಣವಾಗುವಾಗ ಕಾಗುಣಿತ ಬದಲಾಗಬಹುದು: ಮೊದಲ ಮುದ್ರಣದ ‘ಹೋಗತಾನ’ ಮುಂದೆ ‘ಹೋಗ್ತಾನ’ ಆಗಬಹುದು, ಕರಡು ತಿದ್ದುವವರ ಕೈಯಲ್ಲಿ ‘ಹೋಗ್ತಾನೆ’ ಕೂಡ ಆಗಬಹುದು. ಕೈಗೆ ಸಿಕ್ಕ ಆವೃತ್ತಿ ಹಿಡಿದು ಕ್ರಿಯಾರೂಪ ಎಣಿಸಿದರೆ ನೀವು ಎಣಿಸಿದ್ದು ಲೇಖಕರ ಭಾಷೆಯೋ ಮುದ್ರಣಾಲಯದ ಭಾಷೆಯೋ ಗೊತ್ತಾಗುವುದಿಲ್ಲ. ಆದ್ದರಿಂದ ಪ್ರತಿ ಕಥೆಗೂ ಮೊದಲ ಪ್ರಕಟಣೆ ಹುಡುಕಿ. ಹುಬ್ಬಳ್ಳಿ–ಧಾರವಾಡದಿಂದ ಹೊರಟ ಕರ್ಮವೀರ, ಕಸ್ತೂರಿಯಂಥ ಪತ್ರಿಕೆಗಳ ಹಳೆಯ ಸಂಚಿಕೆಗಳು, ಧಾರವಾಡದಲ್ಲಿ 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, ವಿಶ್ವವಿದ್ಯಾಲಯದ ಗ್ರಂಥಾಲಯ, ಕನ್ನಡ ಸಂಶೋಧನ ಸಂಸ್ಥೆ, ಸುಭಾಷ್ ರಸ್ತೆಯ ಮನೋಹರ ಗ್ರಂಥಮಾಲೆ: ಮೊದಲು ವಿಚಾರಿಸಬೇಕಾದ ಜಾಗಗಳು ಇವು. ಹೋಗುವ ಮುನ್ನ ಗೈಡ್‌ನಿಂದ ಪರಿಚಯ ಪತ್ರ ಮಾಡಿಸಿಕೊಳ್ಳಿ. ಹಳೆಯ ಸಂಚಿಕೆಗಳ ಕಾಗದ ಪುಡಿಯಾಗುವಂತಿರುತ್ತದೆ. ಜೆರಾಕ್ಸ್ ಯಂತ್ರದ ಮೇಲೆ ಬೋರಲು ಹಾಕಬೇಡಿ, ಅನುಮತಿ ಪಡೆದು ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಮುಖಪುಟ, ಸಂಚಿಕೆಯ ತಿಂಗಳು, ಪುಟಸಂಖ್ಯೆ ಕಾಣುವ ಚಿತ್ರ ತೆಗೆಯದೆ ಬಂದವರು ಮತ್ತೊಮ್ಮೆ ಹೋಗಲೇಬೇಕಾಗುತ್ತದೆ.

ಎರಡನೆಯದು ದಾಖಲೆ. ಒಂದು ಎಕ್ಸೆಲ್ ಹಾಳೆಯಲ್ಲಿ ಎಂಟು ಕಾಲಂ ಮಾಡಿ: ಕಥೆ, ವರ್ಷ, ಆವೃತ್ತಿ, ಪುಟ, ಪೂರ್ತಿ ವಾಕ್ಯ, ಸಂಭಾಷಣೆಯೋ ನಿರೂಪಣೆಯೋ, ರೂಪದ ಬಗೆ, ಟಿಪ್ಪಣಿ. ವಾಕ್ಯವನ್ನು ಪೂರ್ತಿ ಟೈಪ್ ಮಾಡಿ. ಬರೀ ಪುಟಸಂಖ್ಯೆ ಬರೆದಿಟ್ಟರೆ ಎರಡು ವರ್ಷದ ನಂತರ ಆ ಪುಟದಲ್ಲಿ ಏನು ಕಂಡಿತ್ತೆಂದು ನೆನಪಾಗುವುದಿಲ್ಲ. ಮೊದಲು ಎರಡು ಕಥೆ ಮಾತ್ರ ಮುಗಿಸಿ, ವಿಂಗಡಣೆ ಸರಿಯೇ ಎಂದು ಗೈಡ್‌ಗೆ ತೋರಿಸಿ. ‘ಇದು ಪಾತ್ರದ ಮನಸ್ಸಿನ ಮಾತೋ, ನಿರೂಪಕನದೋ’ ಎಂದು ಹೇಳಲಾಗದ ವಾಕ್ಯಗಳು ಸಿಗುತ್ತವೆ. ಅವನ್ನು ಬಲವಂತವಾಗಿ ಒಂದು ಕಡೆ ತಳ್ಳದೆ ಮೂರನೇ ಗುಂಪು ಮಾಡಿ. ಆಡುನುಡಿ ನಿರೂಪಣೆಗೆ ದಾಟುವ ಬಾಗಿಲು ಬಹುಶಃ ಆ ಗುಂಪೇ.

ಮೂರನೆಯದು ಕ್ಷೇತ್ರಕಾರ್ಯ, ಅದು ಬೇಕಾದವರಿಗೆ. ಗೀಗೀ ಮೇಳದವರನ್ನೋ ದೊಡ್ಡಾಟದವರನ್ನೋ ದಾಖಲಿಸುವುದಾದರೆ ಬಿತ್ತನೆ, ಸುಗ್ಗಿಯ ದಿನ ಬಿಟ್ಟು ಹೋಗಿ. ಫೋನಿನ ಜೊತೆ ಬೇರೆ ರೆಕಾರ್ಡರ್ ಇರಲಿ. ಯಾವುದಕ್ಕಾಗಿ ದಾಖಲಿಸುತ್ತಿದ್ದೀರಿ, ಎಲ್ಲಿ ಪ್ರಕಟವಾಗುತ್ತದೆ ಎಂದು ಅವರ ಮಾತಿನಲ್ಲೇ ಹೇಳಿ ಒಪ್ಪಿಗೆ ಪಡೆಯಿರಿ. ಓದು ಬಾರದವರಿದ್ದರೆ ಒಪ್ಪಿಗೆಯನ್ನೇ ಮೊದಲು ಧ್ವನಿಮುದ್ರಿಸಿ. ಒಂದು ಗಂಟೆಯ ಧ್ವನಿಯನ್ನು ಬರಹಕ್ಕಿಳಿಸಲು ಐದಾರು ಗಂಟೆ ಬೇಕು. ಇಪ್ಪತ್ತು ಗಂಟೆ ದಾಖಲಿಸಿ ಬರಹಕ್ಕಿಳಿಸದೆ ಬಿಟ್ಟದ್ದಕ್ಕಿಂತ ಆರು ಗಂಟೆ ದಾಖಲಿಸಿ ಪೂರ್ತಿ ಇಳಿಸಿದ್ದು ಮೇಲು.

## ಹಂತ 8: ಬರೆಯುವುದು

ಟೈಪ್ ಮಾಡುವ ಮೊದಲ ದಿನವೇ ಯೂನಿಕೋಡ್ (ಯಾವ ಕಂಪ್ಯೂಟರು, ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ವ್ಯವಸ್ಥೆ) ಆರಿಸಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ 250 ಪುಟ ಟೈಪ್ ಮಾಡಿಸಿ, ಕೊನೆಗೆ ಪರಿವರ್ತಿಸಲು ಹೋದರೆ ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಒಡೆಯುತ್ತದೆ, ನಡುವೆ ಇರುವ ಅಂಕಿಗಳು ಅಕ್ಷರವಾಗುತ್ತವೆ. ಅದನ್ನು ಸಾಲು ಸಾಲಾಗಿ ತಿದ್ದಲು ತಿಂಗಳು ಹಿಡಿಯುತ್ತದೆ. ಕೃತಿಚೌರ್ಯ ತಪಾಸಣೆಯ ತಂತ್ರಾಂಶಕ್ಕೂ ಹಳೆಯ ಅಕ್ಷರಗಳು ಕನ್ನಡವಾಗಿ ಕಾಣುವುದಿಲ್ಲ. ನುಡಿಯ ಕೀಲಿಮಣೆ ರೂಢಿಯಾಗಿದ್ದರೆ ಅದೇ ವಿನ್ಯಾಸದಲ್ಲಿ ಯೂನಿಕೋಡ್ ಟೈಪ್ ಮಾಡಬಹುದು. ಅಂಗಡಿಯಲ್ಲಿ ಟೈಪ್ ಮಾಡಿಸುವವರು ಮೊದಲ ಹತ್ತು ಪುಟವನ್ನು ಫೋನಿನಲ್ಲಿ ತೆರೆದು ನೋಡಿ. ಅಕ್ಷರ ಚೆಲ್ಲಾಪಿಲ್ಲಿಯಾಗಿ ಕಂಡರೆ ಅದು ಯೂನಿಕೋಡ್ ಅಲ್ಲ.

ಆಕರಗಳಿಗೆ ಜೊಟೆರೊ ಎಂಬ ಉಚಿತ ತಂತ್ರಾಂಶ ಸಾಕು. ಪುಸ್ತಕ ಕೈಯಲ್ಲಿರುವಾಗಲೇ ಪ್ರಕಾಶಕರು, ಊರು, ವರ್ಷ, ಆವೃತ್ತಿ ತುಂಬಿ. ಪ್ರತಿಯನ್ನು ಮೂರು ಕಡೆ ಇಡಿ: ಕಂಪ್ಯೂಟರು, ಪೆನ್ ಡ್ರೈವ್, ಗೂಗಲ್ ಡ್ರೈವ್ ಅಥವಾ ಇಮೇಲ್.

ಪೀಠಿಕೆಯಿಂದ ಬರೆಯಲು ಕೂರಬೇಡಿ. ಸಾಮಗ್ರಿ ಹೆಚ್ಚು ಇರುವ ಅಧ್ಯಾಯದಿಂದ ಶುರು ಮಾಡಿ, ಪೀಠಿಕೆ ಕೊನೆಗೆ ಬರೆಯಿರಿ. ಬರಹಗಾರರಿಗಿರುವ ವಿಶೇಷ ಅಪಾಯವೆಂದರೆ ವಾಕ್ಯದ ಸೊಗಸು. ‘ಈ ಕಥೆಯಲ್ಲಿ ಮಣ್ಣಿನ ವಾಸನೆ ಘಮ್ಮೆನ್ನುತ್ತದೆ’ ಎಂಬ ಸಾಲು ಮುನ್ನುಡಿಗೆ ಚೆಂದ, ಪ್ರಬಂಧದಲ್ಲಿ ಪುರಾವೆಯಲ್ಲ. ಪ್ರತಿ ಪ್ಯಾರಾದಲ್ಲೂ ಒಂದು ಹೇಳಿಕೆ, ಅದಕ್ಕೆ ಪಠ್ಯದಿಂದ ಒಂದೆರಡು ಸಾಕ್ಷಿ, ಸಾಕ್ಷಿ ಹೇಳಿಕೆಯನ್ನು ಹೇಗೆ ಹಿಡಿದು ನಿಲ್ಲಿಸುತ್ತದೆ ಎಂಬ ವಿವರಣೆ ಇರಬೇಕು.

ಸ್ವಂತ ಕಥೆ, ಕವಿತೆಗೆ ಸಮಯ ಉಳಿಸುವುದೂ ಈ ಹಂತದ ಕೆಲಸವೇ. ಬೆಳಿಗ್ಗೆ ಕಥೆ, ಸಂಜೆ ಪ್ರಬಂಧ ಎಂದು ಗಂಟೆ ಹಂಚಿದರೆ ಒಂದರ ದನಿ ಇನ್ನೊಂದರೊಳಗೆ ನುಗ್ಗುತ್ತದೆ. ದಿನಗಳನ್ನು ಹಂಚಿ: ವಾರಕ್ಕೆ ನಾಲ್ಕು ದಿನ ಪ್ರಬಂಧ, ಎರಡು ದಿನ ಕಥೆ. ಅರೆಕಾಲಿಕ ಮಾಡುವವರಿಗೆ ವಾರಗಳ ಹಂಚಿಕೆ ಇನ್ನೂ ವಾಸಿ. ಪಿಎಚ್.ಡಿ ಮುಗಿಯುವ ತನಕ ಕಥೆ ಬರೆಯುವುದಿಲ್ಲ ಎಂಬ ಶಪಥ ಮಾತ್ರ ಬೇಡ. ಯಾವ ತೊಡಕಿನಿಂದ ಪ್ರಶ್ನೆ ಹುಟ್ಟಿತೋ ಅದರ ಜೊತೆಗಿನ ಗುದ್ದಾಟ ನಿಂತರೆ ಪ್ರಶ್ನೆಯ ಕಾವೂ ಆರುತ್ತದೆ.

## ಹಂತ 9: ಸೃಜನಶೀಲ ಭಾಗವನ್ನು ಎಲ್ಲಿ ಇಡಬೇಕು

ವಿಶ್ವವಿದ್ಯಾಲಯ ಅನುಬಂಧಕ್ಕೆ ಒಪ್ಪಿದ್ದರೂ ಇಡೀ ಕಾದಂಬರಿ ಇಡಬೇಡಿ. ಪದವಿ ಕೊಡುವ ಮುನ್ನ ಪ್ರಬಂಧದ ವಿದ್ಯುನ್ಮಾನ ಪ್ರತಿ ಶೋಧಗಂಗಾ ನಡೆಸುವ ಇನ್‌ಫ್ಲಿಬ್‌ನೆಟ್ ಕೇಂದ್ರಕ್ಕೆ ಹೋಗುತ್ತದೆ, ಅಲ್ಲಿಂದ ಶೋಧಗಂಗಾದಲ್ಲಿ ಎಲ್ಲರಿಗೂ ತೆರೆದುಕೊಳ್ಳುತ್ತದೆ. ಅಂತರ್ಜಾಲದಲ್ಲಿ ಉಚಿತವಾಗಿ ಇರುವ ಕಾದಂಬರಿಗೆ ಪ್ರಕಾಶಕರು ಹಿಂಜರಿಯುವುದು ಸಹಜ, ಅಪ್ರಕಟಿತ ಕೃತಿ ಕೇಳುವ ಸ್ಪರ್ಧೆಗಳ ಬಾಗಿಲೂ ಮುಚ್ಚಬಹುದು. ವಿಧಾನ ಅರ್ಥವಾಗಲು ಬೇಕಾದಷ್ಟೇ, ಒಂದು ಕಥೆ ಅಥವಾ ಹತ್ತು ಹದಿನೈದು ಪುಟ ಸಾಕು. ಕಾದಂಬರಿ ಪುಸ್ತಕವಾಗಿಯೇ ಹೊರಬರಲಿ.

ಬೇರೆಯವರ ಸಾಲುಗಳ ವಿಷಯ: 1957ರ ಕೃತಿಸ್ವಾಮ್ಯ ಕಾಯ್ದೆ ಸಂಶೋಧನೆ ಮತ್ತು ವಿಮರ್ಶೆಗಾಗಿ ನ್ಯಾಯಯುತ ಬಳಕೆಗೆ ಅವಕಾಶ ಕೊಡುತ್ತದೆ. ಆ ಅವಕಾಶ ಉದ್ಧರಣೆಗೆ, ಇಡೀ ಕವಿತೆಯನ್ನು ಅನುಬಂಧದಲ್ಲಿ ಮುದ್ರಿಸುವುದಕ್ಕಲ್ಲ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿದಿರುತ್ತದೆ. ಪೂರ್ತಿ ಕೃತಿ ಬೇಕಿದ್ದರೆ ಮನೆಯವರ ಅಥವಾ ಪ್ರಕಾಶಕರ ಲಿಖಿತ ಅನುಮತಿ ಪಡೆಯಿರಿ.

## ಹಣ ಕೇಳುವವರಿಂದ ದೂರವಿರಿ

ಬರಹಗಾರರನ್ನೇ ಹುಡುಕಿ ಬರುವ ಕರೆಗಳಿವೆ. ‘ನಿಮ್ಮ ಸಾಹಿತ್ಯ ಸೇವೆಗೆ ಗೌರವ ಡಾಕ್ಟರೇಟ್, ನೋಂದಣಿ ಶುಲ್ಕ ಇಷ್ಟು’ ಎಂದರೆ ಫೋನಿಡಿ. ಮಾನ್ಯತೆ ಇರುವ ವಿಶ್ವವಿದ್ಯಾಲಯ ಗೌರವ ಪದವಿಗೆ ಶುಲ್ಕ ಕೇಳುವುದಿಲ್ಲ. ಹೆಸರಿನ ಬಗ್ಗೆ ಅನುಮಾನವಿದ್ದರೆ ಯುಜಿಸಿ ಪ್ರಕಟಿಸುವ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿ ನೋಡಿ.

ಸಂಶೋಧನಾ ಲೇಖನ ಮೂರೇ ದಿನದಲ್ಲಿ ಪ್ರಕಟಿಸುತ್ತೇವೆ ಎನ್ನುವ ಪತ್ರಿಕೆಗಳೂ ಅಂಥವೇ. ಯುಜಿಸಿ ತಾನು ಒಪ್ಪಿದ ಸಂಶೋಧನಾ ಪತ್ರಿಕೆಗಳ ‘ಕೇರ್’ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ಕೈಬಿಟ್ಟಿದೆ. ‘ಕೇರ್ ಪಟ್ಟಿಯಲ್ಲಿದೆ’ ಎಂಬ ಹೆಗ್ಗಳಿಕೆ ಈಗ ಏನನ್ನೂ ಸಾಬೀತು ಮಾಡುವುದಿಲ್ಲ. ಸಂಪಾದಕ ಮಂಡಳಿಯವರು ಯಾರು, ಹಿಂದಿನ ಸಂಚಿಕೆಗಳ ಲೇಖನಗಳು ಓದುವಂತಿವೆಯೇ ಎಂದು ನೀವೇ ನೋಡಬೇಕು. 2022ರ ನಿಯಮಾವಳಿಯಲ್ಲಿ ಸಲ್ಲಿಕೆಗೆ ಮುನ್ನ ಲೇಖನ ಪ್ರಕಟಣೆ ಕಡ್ಡಾಯವಾಗಿ ಉಳಿದಿಲ್ಲ, ಆದರೆ ನಿಮ್ಮ ವಿಶ್ವವಿದ್ಯಾಲಯ ಕೇಳಬಹುದು. ಪ್ರಬಂಧವನ್ನೇ ಬರೆದುಕೊಡುತ್ತೇವೆ ಎನ್ನುವವರ ಬಗ್ಗೆ ಒಂದೇ ಮಾತು: ಬರೆಯಬಲ್ಲವರು ಅಲ್ಲಿಗೆ ಹೋಗುವುದು ತಮ್ಮ ಕೈಗೇ ಮಾಡುವ ಅವಮಾನ.

## ಹಂತ 10: ತಪಾಸಣೆ, ಸಲ್ಲಿಕೆ, ವೈವಾ

ಕೃತಿಚೌರ್ಯದ ಬಗೆಗಿನ 2018ರ ಯುಜಿಸಿ ನಿಯಮದಂತೆ ಬೇರೆ ಬರಹಗಳೊಂದಿಗಿನ ಹೋಲಿಕೆ 10%ವರೆಗೆ ಇದ್ದರೆ ದಂಡವಿಲ್ಲ. 10ರಿಂದ 40% ಇದ್ದರೆ 6 ತಿಂಗಳೊಳಗೆ ತಿದ್ದಿ ಕೊಡಬೇಕು, 40ರಿಂದ 60% ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ, 60% ದಾಟಿದರೆ ನೋಂದಣಿ ರದ್ದು. ಆಕರ ಸಹಿತ ಉದ್ಧರಣೆ, ಗ್ರಂಥಋಣ, ಪರಿವಿಡಿ, ಕೃತಜ್ಞತೆ ಲೆಕ್ಕಕ್ಕಿಲ್ಲ. ಕಥೆಗಳ ಪ್ರಬಂಧದಲ್ಲಿ ಉದ್ಧರಣೆ ಜಾಸ್ತಿ ಇರುವುದರಿಂದ ಪ್ರತಿಯೊಂದಕ್ಕೂ ಉದ್ಧರಣ ಚಿಹ್ನೆ ಇದೆಯೇ ನೋಡಿ. ಚಿಹ್ನೆ ಬಿಟ್ಟುಹೋದರೆ ಅದು ನಿಮ್ಮ ಸಾಲೆಂದೇ ಎಣಿಕೆಯಾಗುತ್ತದೆ. ನೀವೇ ಮುಂಚೆ ಪ್ರಕಟಿಸಿದ ಲೇಖನದ ಭಾಗ ಸೇರಿಸಿದ್ದರೆ ಅದನ್ನೂ ಹೇಳಬೇಕು.

ಸಲ್ಲಿಕೆಗೆ ಮುನ್ನ ಸಲಹಾ ಸಮಿತಿಯ ಮುಂದೆ, ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ತೆರೆದಿರುವ ಮಂಡನೆ ಇರುತ್ತದೆ. ಇದನ್ನು ಶಾಸ್ತ್ರಕ್ಕೆಂದು ಮುಗಿಸಬೇಡಿ. ವೈವಾದಲ್ಲಿ, ಅಂದರೆ ಕೊನೆಯ ಮೌಖಿಕ ಪರೀಕ್ಷೆಯಲ್ಲಿ, ಬರುವ ಪ್ರಶ್ನೆಗಳ ಸುಳಿವು ಇಲ್ಲೇ ಸಿಗುತ್ತದೆ.

ಪ್ರಬಂಧವನ್ನು ಗೈಡ್ ಜೊತೆಗೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಓದುತ್ತಾರೆ. ಒಬ್ಬರು ತಿರಸ್ಕರಿಸಿದರೆ ಇನ್ನೊಬ್ಬ ಪರೀಕ್ಷಕರಿಗೆ ಹೋಗುತ್ತದೆ. ಅವರೂ ಬೇಡವೆಂದರೆ ಪ್ರಬಂಧ ತಿರಸ್ಕೃತ. ವೈವಾ ದಿನ ಮುದ್ರಿತ ಪ್ರತಿಯೊಂದರಲ್ಲಿ ಪ್ರತಿ ಅಧ್ಯಾಯಕ್ಕೂ ಬಣ್ಣದ ಚೀಟಿ ಅಂಟಿಸಿಕೊಂಡು ಹೋಗಿ. ಎಕ್ಸೆಲ್ ಹಾಳೆಯ ಮುದ್ರಣವೂ ಜೊತೆಗಿರಲಿ. ‘ಈ 24 ಕಥೆಗಳ ಆಚೆ ನಿಮ್ಮ ಮಾತು ನಿಲ್ಲುತ್ತದೆಯೇ?’ ಎಂದು ಕೇಳಿದರೆ ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಎಂದು ನೇರ ಹೇಳಿ. ಮಿತಿ ಒಪ್ಪಿಕೊಂಡವರನ್ನು ಯಾರೂ ಫೇಲ್ ಮಾಡುವುದಿಲ್ಲ. ಎಲ್ಲಾ ಕಾಲಕ್ಕೂ ಎಲ್ಲಾ ಕಥೆಗೂ ಸಲ್ಲುತ್ತದೆ ಎಂದವರಿಗೆ ಮುಂದಿನ ಪ್ರಶ್ನೆ ಕಠಿಣವಾಗಿ ಬರುತ್ತದೆ.

ವೈವಾ ಮುಗಿದ ವಾರದಲ್ಲೇ ಸೂಚಿಸಿದ ತಿದ್ದುಪಡಿ ಮಾಡಿ, ಸಾಫ್ಟ್ ಕಾಪಿ ಗ್ರಂಥಾಲಯಕ್ಕೆ ಕೊಟ್ಟು ಸ್ವೀಕೃತಿ ಪಡೆಯಿರಿ. ತಾತ್ಕಾಲಿಕ ಪ್ರಮಾಣಪತ್ರ ತೆಗೆದುಕೊಳ್ಳುವಾಗ ಪದವಿಯನ್ನು ಯುಜಿಸಿ ನಿಯಮಾವಳಿಯಂತೆ ನೀಡಲಾಗಿದೆ ಎಂಬ ಸಾಲು ಅದರಲ್ಲಿದೆಯೇ ಎಂದು ಕಿಟಕಿಯ ಬಳಿಯೇ ನಿಂತು ಓದಿ. ನೌಕರಿ ಅರ್ಜಿಗೆ ಆ ಸಾಲು ಬೇಕಾಗುತ್ತದೆ, ಘಟಿಕೋತ್ಸವದ ತನಕ ಕಾಯಲಾಗುವುದಿಲ್ಲ.